ಪೌರತ್ವದ ಅರ್ಜಿಯೂ ಮನೆಯ ಕಾಗದಗಳೂ

(ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ಸಭೆಯೆಂದರೆ ಕದಂಬರಿಂದ ಆರಂಭಿಸಿ ಏಕೀಕರಣದವರೆಗೆ ಬರುವುದು ವಾಡಿಕೆ. ಆ ದಾರಿಯಲ್ಲಿ ನಮಗಿಂತ ಚೆನ್ನಾಗಿ ನಡೆಯಬಲ್ಲ ವಿದ್ವಾಂಸರು ಈ ವೇದಿಕೆಯ ಮೇಲೆಯೇ ಇದ್ದಾರೆ. ನಮಗೆ ಒಪ್ಪಿಸಿರುವ ವಿಷಯ ಅಷ್ಟು ಎತ್ತರದ್ದಲ್ಲ. ಭಾರತೀಯನನ್ನು ಕೈಹಿಡಿದು ಬಂದ ಪರದೇಶದ ಹೆಣ್ಣುಮಗಳೊಬ್ಬಳು ಇಲ್ಲಿಯ ಪ್ರಜೆಯಾಗಬೇಕಾದರೆ ಯಾವ ಯಾವ ಕಾಗದಗಳನ್ನು ಕೂಡಿಸಬೇಕು, ಅವು ಎಲ್ಲೆಲ್ಲಿ ಅಡಗಿರುತ್ತವೆ, ಎಷ್ಟು ಕಾಲ ಹಿಡಿಯುತ್ತದೆ ಎಂಬುದೇ ಆ ವಿಷಯ. ಕೇಳಲು ಒಣ ವಿಷಯ, ನಿಜ. ಆದರೆ ಗಾರ್ಡನ್ ರೀಚಿನ ನಮ್ಮ ಬಳಗದ ಒಂದು ಮನೆಯವರೊಡನೆ ಸಂಘದ ನಾವು ಇಬ್ಬರು ಮೂರು ಜನ ಹೆಚ್ಚುಕಡಿಮೆ ಒಂದೂವರೆ ವರ್ಷ ಕಛೇರಿಗಳ ಮೆಟ್ಟಿಲು ಹತ್ತಿ ಇಳಿದ ಮೇಲೆ, ಇದರಲ್ಲಿಯೂ ಕರ್ನಾಟಕದ ಚರಿತ್ರೆ ಸಾಕಷ್ಟು ಇದೆಯೆಂಬುದನ್ನು ಕಂಡುಕೊಂಡಿದ್ದೇವೆ. ಆದಕಾರಣ ಅಧ್ಯಕ್ಷರ ಅಪ್ಪಣೆಯನ್ನು ಸಂತೋಷದಿಂದಲೇ ಒಪ್ಪಿಕೊಂಡೆವು.

ಮೊದಲು ಕಾಯಿದೆ ಏನು ಹೇಳುತ್ತದೆಂಬುದನ್ನು ನೋಡೋಣ. 1955ರ ಪೌರತ್ವ ಕಾಯಿದೆಯ ಐದನೆಯ ಪ್ರಕರಣದಲ್ಲಿ ನೋಂದಣಿಯಿಂದ ಪ್ರಜೆಯಾಗುವ ಬಗೆಗಳನ್ನು ಹೇಳಿದೆ. ಅದರ ಮೂರನೆಯ ಉಪವಾಕ್ಯ ಮದುವೆಗೆ ಸಂಬಂಧಿಸಿದ್ದು. ಭಾರತದ ಪ್ರಜೆಯನ್ನು ಮದುವೆಯಾಗಿದ್ದು, ಅರ್ಜಿ ಗುಜರಾಯಿಸುವ ಮೊದಲು ಏಳು ವರ್ಷ ಭಾರತದಲ್ಲಿ ವಾಸವಾಗಿರುವವರು ಈ ದಾರಿಯಿಂದ ಬರಬಹುದು. ಏಳು ವರ್ಷವೆಂದರೆ ಬೆರಳೆಣಿಸಿ ಏಳಲ್ಲ, ಅದಕ್ಕೊಂದು ಲೆಕ್ಕವುಂಟು. ಆ ಲೆಕ್ಕಕ್ಕೆ ಮುಂದೆ ಬರುತ್ತೇವೆ. 1955ರಲ್ಲಿ ಕಾಯಿದೆ ಹೊರಟಾಗ ಈ ಉಪವಾಕ್ಯ ಹೆಂಗಸರಿಗೆ ಮಾತ್ರ ಇತ್ತು. ಭಾರತೀಯನ ಹೆಂಡತಿ ನೋಂದಣಿ ಮಾಡಿಸಿಕೊಳ್ಳಬಹುದಿತ್ತು. ಭಾರತೀಯಳ ಗಂಡನಿಗೆ ಆ ಬಾಗಿಲು ಇರಲಿಲ್ಲ. ವಾಸದ ಅವಧಿಯೂ ಆಗ ಆ ಉಪವಾಕ್ಯದಲ್ಲಿ ಇರಲಿಲ್ಲ. 1986ರ ತಿದ್ದುಪಡಿಯಲ್ಲಿ ‘ಹೆಂಗಸರು’ ಎಂಬುದು ಹೋಗಿ ‘ವ್ಯಕ್ತಿಗಳು’ ಎಂದಾಯಿತು, ಜೊತೆಗೆ ಐದು ವರ್ಷದ ವಾಸವೂ ಬಂತು. 2003ರಲ್ಲಿ ಮಾಡಿ 2004ರ ಡಿಸೆಂಬರಿನಲ್ಲಿ ಜಾರಿಗೆ ತಂದ ತಿದ್ದುಪಡಿಯಿಂದ ಐದು ಏಳಾಯಿತು. ಶ್ರೀಮತಿ ಸೋನಿಯಾ ಗಾಂಧಿಯವರು 1983ರ ಏಪ್ರಿಲಿನಲ್ಲಿ ಪ್ರಜೆಯಾದದ್ದು ಇದೇ ಉಪವಾಕ್ಯದ ಹಳೆಯ ರೂಪದ ಕೆಳಗೆ. 1999ರಲ್ಲಿ ಅವರು ನಮ್ಮ ಬಳ್ಳಾರಿಯಿಂದ ಲೋಕಸಭೆಗೆ ಗೆದ್ದದ್ದನ್ನು ಇಲ್ಲಿ ಕುಳಿತ ಹಿರಿಯರು ಮರೆತಿರಲಾರರು.

ಹಳೆಯ ಮಾತಿಗೂ ಹೊಸ ಮಾತಿಗೂ ಇನ್ನೊಂದು ಅಂತರವಿದೆ. ಓದುವಾಗ ಕಣ್ಣಿಗೆ ಬೀಳದಷ್ಟು ಸಣ್ಣದು. ಮೊದಲು ‘ಮದುವೆಯಾಗಿರುವ ಅಥವಾ ಆಗಿದ್ದ’ ಎಂದಿತ್ತು. ಈಗ ‘ಮದುವೆಯಾಗಿರುವ’ ಎಂದಷ್ಟೇ ಇದೆ. ‘ಆಗಿದ್ದ’ ಎಂಬ ಒಂದು ಪದ ಬಿಟ್ಟುಹೋದದ್ದರಿಂದ, ಅರ್ಜಿ ಹಾಕುವ ಮೊದಲೇ ಗಂಡನನ್ನು ಕಳೆದುಕೊಂಡವಳಿಗೆ ಈ ಬಾಗಿಲು ಮುಚ್ಚಿತು. ನಾವು ಹೇಳಹೊರಟ ಮನೆಯಲ್ಲಿ ಎಲ್ಲರ ನಿದ್ದೆಗೆಡಿಸಿದ್ದು ಈ ಒಂದು ಪದವೇ.

ಹೆಣ್ಣಿನ ಪೌರತ್ವವನ್ನು ಮದುವೆಯ ಗಂಟಿಗೆ ಕಟ್ಟುವುದು ಬಹಳ ಹಳೆಯ ಪದ್ಧತಿ, ನಮ್ಮ ದೇಶದ್ದು ಮಾತ್ರವಲ್ಲ. 1870ರ ಬ್ರಿಟಿಷ್ ಕಾಯಿದೆಯ ಪ್ರಕಾರ ಗಂಡ ಯಾವ ದೇಶದವನೋ ಹೆಂಡತಿಯೂ ಆ ದೇಶದವಳು. ಆಕೆಯನ್ನು ಯಾರೂ ಕೇಳುತ್ತಿರಲಿಲ್ಲ. ಅಮೆರಿಕದ್ದು ಇನ್ನೂ ವಿಚಿತ್ರ. ನಮ್ಮ ಬಂಗಾಳದ ಕ್ರಾಂತಿಕಾರಿ ತಾರಕನಾಥ ದಾಸರು 1914ರಲ್ಲಿ ಅಲ್ಲಿಯ ಪ್ರಜೆಯಾಗಿದ್ದರು. 1923ರಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯ ಭಗತ್ ಸಿಂಗ್ ಥಿಂದ್ ಎಂಬುವರ ಮೊಕದ್ದಮೆಯಲ್ಲಿ ಭಾರತೀಯರು ಪ್ರಜೆಗಳಾಗಲು ಅರ್ಹರಲ್ಲವೆಂದು ತೀರ್ಪಿತ್ತಿತು. ಆ ಮರುವರ್ಷ ದಾಸರನ್ನು ವರಿಸಿದ ಮೇರಿ ಎಂಬ ಮಹಿಳೆ, ಅಮೆರಿಕದಲ್ಲಿಯೇ ಹುಟ್ಟಿ ಬೆಳೆದಿದ್ದರೂ, ಅನರ್ಹನನ್ನು ಮದುವೆಯಾದ ಕಾರಣಕ್ಕೆ ತನ್ನ ಪೌರತ್ವಕ್ಕೆ ಎರವಾದರು. ಮದುವೆಯಾದ ಮಾತ್ರಕ್ಕೆ ಹೆಂಗಸಿನ ಪೌರತ್ವ ತಾನಾಗಿ ಬದಲಾಗಕೂಡದೆಂದು ವಿಶ್ವಸಂಸ್ಥೆ ಒಪ್ಪಂದ ಮಾಡಿದ್ದು 1957ರಲ್ಲಿ. ಇಂದು ನಮ್ಮಲ್ಲಿ ಯಾರ ಪೌರತ್ವವೂ ತಾನಾಗಿ ಬದಲಾಗುವುದಿಲ್ಲ. ಕೇಳಿ ಪಡೆಯಬೇಕು, ಕೇಳುವುದಕ್ಕೆ ಕಾಗದ ಬೇಕು.

ಇನ್ನು ಗಾರ್ಡನ್ ರೀಚ್. ಈ ಊರು ಬಂದವರದೂ ಹೋದವರದೂ. ಅವಧದ ನವಾಬ ವಾಜಿದ್ ಅಲಿ ಶಾಹ 1856ರಲ್ಲಿ ರಾಜ್ಯ ಕಳೆದುಕೊಂಡು ಬಂದು ಮಟಿಯಾಬುರ್ಜಿನಲ್ಲಿ ತನ್ನ ಎರಡನೆಯ ಲಖ್ನೋವನ್ನು ಕಟ್ಟಿಕೊಂಡ. ಅದೇ ಹೂಗ್ಲಿ ದಂಡೆಯ ಡಿಪೋಗಳಿಂದ ಕರಾರಿನ ಕೂಲಿಗಳನ್ನು ಮಾರಿಷಸ್, ಟ್ರಿನಿಡಾಡ್, ಫಿಜಿ, ಸುರಿನಾಮಗಳಿಗೆ ಹಡಗು ಹತ್ತಿಸಿದರು. ಸುರಿನಾಮಕ್ಕೆ ಹೊರಟ ಮೊದಲ ಹಡಗು ‘ಲಲ್ಲಾ ರೂಖ್’ 1873ರ ಫೆಬ್ರವರಿಯಲ್ಲಿ ಕಲ್ಕತ್ತೆಯನ್ನು ಬಿಟ್ಟಿತು. ಅದರ ನೆನಪಿಗೆ ಸುರಿನಾಮ್ ಘಾಟಿನಲ್ಲಿ ಗಂಟು ಹೊತ್ತ ದಂಪತಿಗಳ ಪ್ರತಿಮೆಯನ್ನು 2015ರಲ್ಲಿ ನಿಲ್ಲಿಸಿದ್ದಾರೆ. ಅನಾವರಣ ಮಾಡಿದವರು ಶ್ರೀಮತಿ ಸುಷ್ಮಾ ಸ್ವರಾಜ್. ಬಳ್ಳಾರಿಯಲ್ಲಿ 1999ರ ಎದುರಾಳಿ ಅವರೇ ಎಂಬುದು ಕಾಕತಾಳೀಯ. ನಮ್ಮವರು ಇಲ್ಲಿಗೆ ಬಂದದ್ದು ರೈಲು, ಬಂದರು, ಹಡಗುಕಟ್ಟೆಗಳ ಕೆಲಸಕ್ಕೆ. 1955ರ ಆಗಸ್ಟಿನಲ್ಲಿ ಆಗ್ನೇಯ ರೈಲ್ವೆ ಬೇರೆಯಾಗಿ ಅದರ ಮುಖ್ಯ ಕಛೇರಿ ಹಳೆಯ ಬಿ.ಎನ್.ಆರ್. ಕಟ್ಟಡದಲ್ಲಿ ನಿಂತ ಮೇಲೆ, ಧಾರವಾಡ, ಬಳ್ಳಾರಿ, ಮಂಗಳೂರು ಕಡೆಯ ಗುಮಾಸ್ತರೂ ಎಂಜಿನಿಯರುಗಳೂ ಈ ಕಾಲೊನಿಗೆ ಬಂದು ನೆಲೆಸಿದರು. ಈ ಸಭೆಯಲ್ಲಿ ಅವರ ಮಕ್ಕಳೂ ಮೊಮ್ಮಕ್ಕಳೂ ಇದ್ದಾರೆ.

ನಾವು ಹೇಳಹೊರಟಿರುವ ಮನೆಯೂ ಅಂಥದೇ. ಮನೆಯ ಯಜಮಾನರ ತಂದೆ ರೋಣ ತಾಲ್ಲೂಕಿನವರು, 1961ರಲ್ಲಿ ರೈಲ್ವೆಗೆ ಸೇರಿ ಬಂದವರು. ಯಜಮಾನರು ಹುಟ್ಟಿದ್ದು ಇಲ್ಲಿಯೇ, 1976ರಲ್ಲಿ. ಹಡಗಿನ ಯಂತ್ರಗಳ ಕೆಲಸದಲ್ಲಿ ನುರಿತವರು. ಗಾರ್ಡನ್ ರೀಚಿನ ಹಡಗು ಕಾರ್ಖಾನೆ ಮಾರಿಷಸ್ ದೇಶಕ್ಕೆ ಕಟ್ಟಿದ ‘ಬರಾಕುಡಾ’ ಎಂಬ ಕಾವಲು ಹಡಗನ್ನು 2014ರ ಡಿಸೆಂಬರಿನಲ್ಲಿ ಒಪ್ಪಿಸಿದ್ದು ನಿಮಗೆ ನೆನಪಿರಬಹುದು. ಭಾರತ ಹೊರದೇಶಕ್ಕೆ ಕಟ್ಟಿಕೊಟ್ಟ ಮೊದಲ ಯುದ್ಧನೌಕೆ ಅದು. ಆ ಸುಮಾರಿನಲ್ಲಿ ಕೆಲಸದ ಮೇಲೆ ಮಾರಿಷಸ್‌ಗೆ ಹೋದವರು ಅಲ್ಲಿಯ ಉಪಾಧ್ಯಾಯಿನಿಯೊಬ್ಬರನ್ನು ಮೆಚ್ಚಿ, 2016ರ ಆರಂಭದಲ್ಲಿ ಮದುವೆಯಾಗಿ, ಜೂನ್ ತಿಂಗಳಲ್ಲಿ ಕರೆತಂದರು. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ? ಎರಡು ವರ್ಷಗಳೊಳಗೆ ಆಕೆ ಅತ್ತೆಯವರಿಂದ ಧಾರವಾಡದ ಕನ್ನಡವನ್ನೂ, ಮೀನಿನ ಅಂಗಡಿಯವರಿಂದ ಬಂಗಾಳಿಯನ್ನೂ ಕಲಿತುಕೊಂಡರು. 2018ರಲ್ಲಿ ಮಗಳು ಹುಟ್ಟಿದಳು. ತಂದೆ ಭಾರತೀಯ, ತಾಯಿ ಸಕ್ರಮವಾಗಿ ಬಂದವಳು. ಹೀಗಾಗಿ ಮಗು ಹುಟ್ಟಿದ ಗಳಿಗೆಯಿಂದಲೇ ಭಾರತದ ಪ್ರಜೆ. ಒಂದೇ ಮನೆಯಲ್ಲಿ ತೊಟ್ಟಿಲ ಕೂಸು ಸ್ವದೇಶಿ, ತೂಗುವ ತಾಯಿ ಪರದೇಶಿ. ಮತದಾನದ ದಿನ ಓಣಿಯ ಹೆಂಗಸರೆಲ್ಲ ಬೆರಳಿಗೆ ಮಸಿ ಹಚ್ಚಿಸಿಕೊಂಡು ಬರುವಾಗ ಆಕೆ ಬಾಗಿಲಲ್ಲಿ ನಿಂತು ನೋಡುತ್ತಿದ್ದರಂತೆ.

ಅರ್ಜಿಗೆ ಬೇಕಾದ ಮುಖ್ಯ ಕಾಗದಗಳು ಹೆಚ್ಚಿಲ್ಲ. ಅರ್ಜಿದಾರಳ ಪರದೇಶದ ಪಾಸ್‌ಪೋರ್ಟು, ಇಲ್ಲಿ ಇರಲು ಕೊಟ್ಟ ಅನುಮತಿಪತ್ರ, ನೋಂದಣಿಯಾದ ಮದುವೆಯ ಪತ್ರ, ಗಂಡ ಭಾರತೀಯನೆಂಬುದಕ್ಕೆ ಅವನ ಪಾಸ್‌ಪೋರ್ಟು ಅಥವಾ ಜನನಪತ್ರ, ಶುಲ್ಕ ಕಟ್ಟಿದ ರಸೀದಿ, ಬರೆದದ್ದೆಲ್ಲ ನಿಜವೆಂಬ ಅಫಿಡವಿಟ್ಟು. ಮದುವೆಯ ಮೂಲಕ ಬರುವವರಿಗೆ ಮೂರನೆಯ ನಮೂನೆ. ಗೃಹ ಮಂತ್ರಾಲಯದ ಜಾಲತಾಣದಲ್ಲಿ ತುಂಬಿ, ಅಚ್ಚು ತೆಗೆದು, ಕಾಗದಗಳ ಸಮೇತ ಜಿಲ್ಲಾ ಕಲೆಕ್ಟರರ ಕಛೇರಿಗೆ ಒಪ್ಪಿಸಬೇಕು. ಅಲ್ಲಿಂದ ವಿಚಾರಣೆಯ ವರದಿಯೊಡನೆ ರಾಜ್ಯ ಸರ್ಕಾರಕ್ಕೆ, ಅಲ್ಲಿಂದ ದೆಹಲಿಗೆ. ಪಟ್ಟಿಯನ್ನು ನೋಡಿದ ಯಾರಾದರೂ ಒಂದು ವಾರದ ಕೆಲಸವೆಂದಾರು. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ಹಿರಿಯರ ಕಾಲದಲ್ಲಿ ಈ ಅರ್ಜಿ ಇರಲಿಲ್ಲವೆಂದು ಕಾಣುತ್ತದೆ.

ಮೊದಲ ಆಶ್ಚರ್ಯವೆಂದರೆ, ಪರದೇಶದಿಂದ ಬರಬೇಕಾದ ಕಾಗದಗಳೆಲ್ಲ ಬೇಗನೆ ಬಂದವು. ಆಕೆಯ ಜನನಪತ್ರವನ್ನೂ ಅಲ್ಲಿಯೇ ನಡೆದ ಸಿವಿಲ್ ಮದುವೆಯ ಪತ್ರವನ್ನೂ ಆಕೆಯ ಅಣ್ಣ ಪಡೆದು, ಅವುಗಳಿಗೆ ‘ಅಪಾಸ್ಟಿಲ್’ ಮುದ್ರೆ ಹಾಕಿಸಿ ಕಳುಹಿಸಿದರು. ಒಂದು ದೇಶದ ದಸ್ತಾವೇಜನ್ನು ಇನ್ನೊಂದು ದೇಶ ರಾಯಭಾರ ಕಛೇರಿಯ ಓಡಾಟವಿಲ್ಲದೆ ನಂಬುವುದಕ್ಕೆ ಹಾಕುವ ಮುದ್ರೆ ಇದು. ಇದಕ್ಕೆ ಸಂಬಂಧಿಸಿದ ಹೇಗ್ ಒಪ್ಪಂದದಲ್ಲಿ ಮಾರಿಷಸ್ ಮೊದಲಿನಿಂದಲೂ ಇದೆ. ಭಾರತದಲ್ಲಿ ಅದು ಜಾರಿಗೆ ಬಂದದ್ದು 2005ರ ಜುಲೈಯಲ್ಲಿ. ಪರದೇಶದಲ್ಲಿ ಮದುವೆಯಾಗಿ ಬರುವವರು ಈ ಮುದ್ರೆಯನ್ನು ಅಲ್ಲಿಂದ ಹೊರಡುವ ಮುನ್ನವೇ ಹಾಕಿಸಿಕೊಳ್ಳುವುದು ಲೇಸು. ಇಲ್ಲಿಗೆ ಬಂದ ಮೇಲೆ ಅದನ್ನು ಇಲ್ಲಿ ಯಾರೂ ಹಾಕಿಕೊಡುವುದಿಲ್ಲ, ಏಕೆಂದರೆ ದಸ್ತಾವೇಜು ಹುಟ್ಟಿದ ದೇಶವೇ ಅದನ್ನು ಹಾಕಬೇಕು.

ಆಕೆಯ ಅಣ್ಣ ಇನ್ನೊಂದು ಕಾಗದವನ್ನೂ ಕಳುಹಿಸಿದ್ದರು. ಅರ್ಜಿಗೆ ಅದರ ಅಗತ್ಯವಿರಲಿಲ್ಲ. ಮಾರಿಷಸ್‌ನ ಮೋಕಾದಲ್ಲಿರುವ ಮಹಾತ್ಮ ಗಾಂಧಿ ಸಂಸ್ಥೆಯ ದಫ್ತರಖಾನೆಯಲ್ಲಿ ವಲಸೆ ಬಂದ ಕೂಲಿಗಳ ಹಳೆಯ ರಿಜಿಸ್ಟರುಗಳನ್ನು ಕಾಪಾಡಿಕೊಂಡು ಬಂದಿದ್ದಾರೆ. ಅದರಿಂದ ತೆಗೆದ ನಕಲು ಅದು. ಆಕೆಯ ಮುತ್ತಜ್ಜನ ತಂದೆಯ ಹೆಸರು, ಅವನ ತಂದೆಯ ಹೆಸರು, ಜಾತಿ, ಜಿಲ್ಲೆ, ವಯಸ್ಸು, ಎತ್ತರ, ಮೈಮೇಲಿನ ಗುರುತು, ಹತ್ತಿದ ಹಡಗು, ಬಿಟ್ಟ ಬಂದರು ಕಲ್ಕತ್ತಾ. 1834ರ ನವೆಂಬರ್ 2ರಂದು ‘ಅಟ್ಲಾಸ್’ ಹಡಗಿನಲ್ಲಿ ಮೂವತ್ತಾರು ಜನ ಕೂಲಿಗಳು ಅಲ್ಲಿ ಇಳಿದದ್ದು ಮೊದಲಾಗಿ ಸುಮಾರು ನಾಲ್ಕೂವರೆ ಲಕ್ಷ ಜನ ಭಾರತದಿಂದ ಆ ದ್ವೀಪಕ್ಕೆ ಹೋದರು. ಅಷ್ಟು ಜನರನ್ನು ಲೆಕ್ಕವಿಟ್ಟು ಬರೆದದ್ದು ಪ್ರೀತಿಯಿಂದಲ್ಲ, ಕಬ್ಬಿನ ತೋಟದ ಒಡೆಯರಿಗೆ ಆಳು ತಪ್ಪಿಸಿಕೊಂಡರೆ ಹಿಡಿಯಲು ಬೇಕಾಗಿತ್ತು. ಬರೆದವರ ಉದ್ದೇಶ ಏನೇ ಇರಲಿ, ಕಾಗದ ಉಳಿಯಿತು. ನಾಲ್ಕು ತಲೆಮಾರಿನ ಹಿಂದೆ ಹೋದವನ ವಿವರ ಒಂದು ಹಾಳೆಯಲ್ಲಿ ಸಿಕ್ಕಿತು. ಇಲ್ಲಿಯೇ ಹುಟ್ಟಿ, ಇಲ್ಲಿಯೇ ಶಾಲೆಗೆ ಹೋಗಿ, ಇಲ್ಲಿಯೇ ಕೆಲಸ ಮಾಡಿದ ಗಂಡನ ಕಾಗದ ಸಿಗಲಿಲ್ಲ.

ಆಕೆ ಒಂದು ದಿನ ಚಹದ ಲೋಟ ಕೊಡುತ್ತ ಅಂದದ್ದು ನಮಗೆ ಇನ್ನೂ ಕಿವಿಯಲ್ಲಿದೆ: “ನೋಡ್ರೀ, ಪರದೇಶದಾಕಿ ನಾ. ನನ್ನ ಕಾಗದ ಎಲ್ಲಾ ಬಂದಾವ. ಇಲ್ಲಿಯವ್ರು ಇವರು, ಇವರದs ಬಂದಿಲ್ಲ.” ಯಜಮಾನರು ನಕ್ಕರು. ಅತ್ತೆಯವರು ನಗಲಿಲ್ಲ.

ಸಿಗಲಿಲ್ಲವೆಂದರೆ ಇರಲಿಲ್ಲವೆಂದಲ್ಲ. ಇದ್ದವು, ಒಂದಕ್ಕೊಂದು ಹೊಂದುತ್ತಿರಲಿಲ್ಲ. ಕನ್ನಡಿಗರ ಹೆಸರಿನ ಕಷ್ಟ ಹೊರನಾಡಿನಲ್ಲಿದ್ದವರಿಗೇ ಗೊತ್ತು. ನಮ್ಮಲ್ಲಿ ಊರ ಹೆಸರು, ತಂದೆಯ ಹೆಸರು, ತನ್ನ ಹೆಸರು. ಕೆಲವರಲ್ಲಿ ಮನೆತನದ ಹೆಸರೂ ಉಂಟು. ಒಬ್ಬರು ಮೊದಲೆರಡನ್ನು ಅಕ್ಷರಗಳಾಗಿ ಮೊಟಕುಮಾಡುತ್ತಾರೆ, ಇನ್ನೊಬ್ಬರು ಬಿಡಿಸಿ ಬರೆಯುತ್ತಾರೆ. ಬಂಗಾಳದಲ್ಲಿ ಚಟರ್ಜಿ, ಘೋಷ್ ಎಂಬಂತೆ ಕೊನೆಯದೊಂದು ಹೆಸರು ಬೇಕು. ಶಾಲೆಯ ಗುಮಾಸ್ತರು ಯಾವುದು ಕೊನೆಯಲ್ಲಿ ಕಂಡರೆ ಅದನ್ನೇ ಮನೆತನವೆಂದು ಬರೆದುಕೊಳ್ಳುತ್ತಾರೆ. ಇದರ ಮೇಲೆ ಬಂಗಾಳಿಯಲ್ಲಿ ‘ವ’ಕಾರದ ಉಚ್ಚಾರವೇ ಇಲ್ಲ. ವಾಸುದೇವ ಬಾಸುದೇಬನಾಗುತ್ತಾನೆ, ವೆಂಕಟೇಶ ಬೆಂಕಟೇಶನಾಗುತ್ತಾನೆ. ಬರೆದವರ ಮೇಲೆ ತಪ್ಪು ಹೊರಿಸುವಂತಿಲ್ಲ, ಅವರು ಕಿವಿಗೆ ಬಿದ್ದಂತೆ ಬರೆದರು. ನಮ್ಮ ಯಜಮಾನರ ಹೆಸರು ಜನನದ ರಿಜಿಸ್ಟರಿನಲ್ಲಿ ‘ಬ’ದಿಂದ ಆರಂಭ, ತಂದೆಯ ಹೆಸರು ಇಲ್ಲ. ಶಾಲೆಯ ಪತ್ರದಲ್ಲಿ ‘ವ’ದಿಂದ ಆರಂಭ, ಎರಡು ಅಕ್ಷರದ ಮುಂದೊತ್ತು. ಪಾಸ್‌ಪೋರ್ಟಿನಲ್ಲಿ ಅವೆರಡೂ ಬಿಡಿಸಿ ಉದ್ದವಾಗಿವೆ. ಮಾರಿಷಸ್‌ನ ಮದುವೆಯ ಪತ್ರದಲ್ಲಿ ಊರ ಹೆಸರು ಮನೆತನವಾಗಿ ಮೊದಲಿಗೆ ಬಂದು ಕುಳಿತಿದೆ. ಒಬ್ಬ ಗಂಡನಿಗೆ ನಾಲ್ಕು ಹೆಸರು. ಆಕೆ ಮದುವೆಯಾದದ್ದು ಇವರಲ್ಲಿ ಯಾರನ್ನು ಎಂದು ಒಂದು ಕಛೇರಿಯಲ್ಲಿ ಗಂಭೀರವಾಗಿಯೇ ಕೇಳಿದರು.

ಇದಕ್ಕೆ ಮದ್ದು ಎರಡು. ಒಂದು, ಮ್ಯಾಜಿಸ್ಟ್ರೇಟರ ಮುಂದೆ ‘ಈ ನಾಲ್ಕು ಹೆಸರಿನವನೂ ಒಬ್ಬನೇ’ ಎಂಬ ಅಫಿಡವಿಟ್ಟು. ಇನ್ನೊಂದು, 1969ರ ಜನನ ಮರಣ ನೋಂದಣಿ ಕಾಯಿದೆಯ ಹದಿನೈದನೆಯ ಪ್ರಕರಣದಂತೆ ರಿಜಿಸ್ಟರಿನಲ್ಲಿಯೇ ತಿದ್ದುಪಡಿ. ಮೊದಲನೆಯದು ಬೇಗ ಆಗುತ್ತದೆ, ಎರಡನೆಯದು ಬಾಳುತ್ತದೆ. ನಮ್ಮ ಅಭಿಪ್ರಾಯದಲ್ಲಿ ಎರಡನ್ನೂ ಮಾಡಿಸಬೇಕು. ಅಫಿಡವಿಟ್ಟನ್ನು ನಂಬುವುದು ಎದುರಿಗೆ ಕುಳಿತವರ ಮರ್ಜಿ.

ತಿದ್ದುಪಡಿಗೆ ಹೋದಾಗ ಬೇರೊಂದು ತೊಡಕು. ಗಾರ್ಡನ್ ರೀಚ್ 1984ರವರೆಗೆ ಬೇರೆಯೇ ಮುನಿಸಿಪಾಲಿಟಿ. ಆ ವರ್ಷದ ಜನವರಿಯಲ್ಲಿ ಯಾದವಪುರ, ಸೌತ್ ಸಬರ್ಬನ್‌ಗಳ ಜೊತೆ ಕಲ್ಕತ್ತೆಯ ಕಾರ್ಪೊರೇಷನ್ನಿಗೆ ಸೇರಿತು. ಆಗ ಅದು ಇದ್ದದ್ದು ಚೌಬೀಸ್ ಪರಗಣ ಜಿಲ್ಲೆಯಲ್ಲಿ. ಆ ಜಿಲ್ಲೆಯೂ 1986ರಲ್ಲಿ ಉತ್ತರ ದಕ್ಷಿಣ ಎಂದು ಎರಡಾಯಿತು. 2001ರಲ್ಲಿ ಕಲ್ಕತ್ತಾ ಕೋಲ್ಕತಾ ಆಯಿತು. ಮನೆ ಒಂದಿಂಚೂ ಅಲುಗದಿದ್ದರೂ, ಅದರ ವಿಳಾಸ ಹಳೆಯ ಕಾಗದದಲ್ಲಿ ಒಂದು ಜಿಲ್ಲೆ, ಹೊಸ ಕಾಗದದಲ್ಲಿ ಇನ್ನೊಂದು. ಹೀಗಾಗಿ ಇಲ್ಲಿ 1984ಕ್ಕೆ ಮುಂಚೆ ಹುಟ್ಟಿದವರು ಯಾವ ಪುಸ್ತಕವನ್ನು ಎಲ್ಲಿ ತೆಗೆಸಬೇಕೆಂಬುದನ್ನು ಮೊದಲು ವಿಚಾರಿಸಿಕೊಂಡು ಹೋಗಬೇಕು; ಇಲ್ಲವಾದರೆ ಒಂದು ಕಿಟಕಿಯಿಂದ ಇನ್ನೊಂದಕ್ಕೆ ತಿರುಗಿಸುತ್ತಾರೆ.

ತಂದೆಯ ಕಾಗದವೂ ಬೇಕಾಯಿತು. ಕಾಯಿದೆಯಂತೆ ಅದು ಬೇಕಿರಲಿಲ್ಲ. 1950ರ ಜನವರಿ 26ರಿಂದ 1987ರ ಜುಲೈ 1ರ ಒಳಗೆ ಭಾರತದಲ್ಲಿ ಹುಟ್ಟಿದವನು, ತಂದೆತಾಯಿ ಯಾರೇ ಆಗಿರಲಿ, ಹುಟ್ಟಿನಿಂದಲೇ ಪ್ರಜೆ. ಆ ತಾರೀಖಿನ ಮೇಲೆ ಹುಟ್ಟಿದವನಾದರೆ ತಂದೆತಾಯಿಗಳಲ್ಲಿ ಒಬ್ಬರಾದರೂ ಪ್ರಜೆಯೆಂಬುದನ್ನು ತೋರಿಸಬೇಕು. 2004ರ ಡಿಸೆಂಬರ್ 3ರ ಮೇಲೆ ಹುಟ್ಟಿದವನಾದರೆ ಇನ್ನೊಬ್ಬರು ಅಕ್ರಮ ವಲಸೆಯವರಲ್ಲವೆಂದೂ ಇರಬೇಕು. ಸಭೆಯಲ್ಲಿರುವ ತರುಣರು ಇದನ್ನು ಲಕ್ಷ್ಯದಲ್ಲಿಡಬೇಕು: ನಿಮ್ಮ ಜನನಪತ್ರವೊಂದೇ ನಿಮಗೆ ಸಾಲದು, ತಂದೆತಾಯಿಗಳದ್ದೂ ಜೋಪಾನವಾಗಿರಬೇಕು. ನಮ್ಮ ಯಜಮಾನರು 1976ರವರು, ಆದ್ದರಿಂದ ಸಾಕಾಗಬೇಕಿತ್ತು. ಆದರೆ ಹೆಸರಿನ ಗೊಂದಲದಿಂದಾಗಿ, ಹುಟ್ಟಿದ ಆ ಮಗು ಇವರೇ ಎಂಬುದಕ್ಕೆ ತಂದೆಯ ಕಡೆಯಿಂದ ಆಧಾರ ಕೇಳಿದರು.

ತಂದೆಯವರು ತೀರಿಕೊಂಡು ಹನ್ನೆರಡು ವರ್ಷವಾಗಿತ್ತು. ತಗಡಿನ ಪೆಟ್ಟಿಗೆಯಲ್ಲಿ ಅವರ ರೈಲ್ವೆ ಸೇವಾಪುಸ್ತಕದ ನಕಲು ಸಿಕ್ಕಿತು. ಅದರಲ್ಲಿ ಮಕ್ಕಳ ಹೆಸರು, ಹುಟ್ಟಿದ ತಾರೀಖು, ಪಾಸಿನ ಲೆಕ್ಕ ಎಲ್ಲವೂ ಚೊಕ್ಕಟವಾಗಿ ಇದ್ದವು. ಜನ್ಮಸ್ಥಳ ಮಾತ್ರ ಹೀಗಿತ್ತು: ರೋಣ ತಾಲ್ಲೂಕು, ಧಾರವಾಡ ಜಿಲ್ಲೆ, ಬೊಂಬಾಯಿ. ಪರಿಶೀಲಿಸುತ್ತಿದ್ದ ತರುಣ ಅಧಿಕಾರಿ ತಮ್ಮ ಯಂತ್ರದಲ್ಲಿ ನೋಡಿ, “ರೋಣ ಗದಗ ಜಿಲ್ಲೆಯಲ್ಲಿದೆಯಲ್ಲ, ಬೊಂಬಾಯಿಯಲ್ಲಿ ಎಲ್ಲಿದೆ?” ಎಂದರು. ಕೇಳಿದ್ದು ಸಜ್ಜನಿಕೆಯಿಂದಲೇ.

ಬಂಧುಗಳೇ, ಏಕೀಕರಣದ ಭಾಷಣವನ್ನು ನಾವು ಕಛೇರಿಯ ಮೇಜಿನ ಮುಂದೆ ಮಾಡಬೇಕಾಗಿ ಬಂದದ್ದು ಅಂದು. 1938ರಲ್ಲಿ ಹುಟ್ಟಿದ ಮನುಷ್ಯ ಮುಂಬಯಿ ಪ್ರಾಂತದವನು. 1956ರ ನವೆಂಬರ್ 1ರಂದು ಮೈಸೂರು ರಾಜ್ಯದವನಾದ. 1973ರ ನವೆಂಬರ್ 1ರಂದು ಕರ್ನಾಟಕದವನಾದ. 1997ರಲ್ಲಿ ಧಾರವಾಡ ಜಿಲ್ಲೆಯಿಂದ ಗದಗ ಹಾವೇರಿಗಳು ಬೇರೆಯಾದಾಗ ಗದಗ ಜಿಲ್ಲೆಯವನಾದ. ಅಷ್ಟರಲ್ಲಿ ಆತ ಗಾರ್ಡನ್ ರೀಚಿನ ಕ್ವಾರ್ಟರ್ಸಿನಿಂದ ನಿವೃತ್ತನೂ ಆಗಿದ್ದ. ಇದು ಈತನೊಬ್ಬನ ಪಾಡಲ್ಲ. ಈ ಸಭೆಯಲ್ಲಿಯೇ ನೋಡಿ: ಕಲಬುರ್ಗಿ, ರಾಯಚೂರು, ಬೀದರಿನವರ ಹಿರಿಯರ ಕಾಗದ ಹೈದರಾಬಾದಿನದು, ಕೆಲವು ಉರ್ದುವಿನಲ್ಲಿ. ಮಂಗಳೂರು ಉಡುಪಿಯವರದು ಮದ್ರಾಸು. ಕೊಳ್ಳೇಗಾಲದವರದು ಮದ್ರಾಸಿನ ಕೊಯಮತ್ತೂರು ಜಿಲ್ಲೆ. ಕೊಡಗಿನವರದು ಕೊಡಗೇ ಒಂದು ರಾಜ್ಯ. ಬಳ್ಳಾರಿಯವರು ಮೈಸೂರಿಗೆ ಮೂರು ವರ್ಷ ಮೊದಲೇ, 1953ರ ಅಕ್ಟೋಬರ್ 1ರಂದು ಬಂದರು. ಅವರಲ್ಲಿ ಹೊಸಪೇಟೆಯ ಕಡೆಯವರು 2021ರಿಂದ ವಿಜಯನಗರ ಜಿಲ್ಲೆಯವರು. ಕಾಸರಗೋಡಿನ ನಮ್ಮ ಸ್ನೇಹಿತರದು ದಕ್ಷಿಣ ಕನ್ನಡ ಜಿಲ್ಲೆ ಮದ್ರಾಸು ಎಂದು ಹಳೆಯ ಕಾಗದ, ಕೇರಳ ಎಂದು ಹೊಸ ಕಾಗದ. ಇವೆಲ್ಲದರ ಮೇಲೆ 2014ರ ನವೆಂಬರಿನಲ್ಲಿ ಹನ್ನೆರಡು ಊರುಗಳ ಹೆಸರಿನ ಕಾಗುಣಿತವೇ ಬದಲಾಯಿತು. ಬೆಳಗಾಂ ಬೆಳಗಾವಿಯಾದದ್ದು, ಬಿಜಾಪುರ ವಿಜಯಪುರವಾದದ್ದು ನಮಗೆ ಸಂತೋಷವೇ. ಆದರೆ ಕೋಲ್ಕತಾದ ಗುಮಾಸ್ತರಿಗೆ ಅವು ಬೇರೆ ಬೇರೆ ಊರುಗಳು. ಇದಕ್ಕೆ ನಾವು ಮಾಡಿದ್ದಿಷ್ಟು. 1956ರ ರಾಜ್ಯ ಪುನರ್ವಿಂಗಡಣಾ ಕಾಯಿದೆಯ ಸಂಬಂಧಪಟ್ಟ ಪುಟ, ಹೆಸರು ಬದಲಾಯಿಸಿದ ಸರ್ಕಾರಿ ಪ್ರಕಟಣೆ, ಹೊಸ ಜಿಲ್ಲೆ ಮಾಡಿದ ಪ್ರಕಟಣೆ, ಇವುಗಳ ನಕಲನ್ನು ತರಿಸಿ, ಮೇಲೊಂದು ಪುಟದ ಟಿಪ್ಪಣಿ ಬರೆದು ಕಡತಕ್ಕೆ ಸೇರಿಸಿದೆವು. ಅಧಿಕಾರಿಗಳು ಓದಿ, ಇಟ್ಟುಕೊಂಡು, ಒಂದು ಪ್ರತಿಯನ್ನು ತಮಗೂ ಕೇಳಿದರು.

ಈಗ ಏಳು ವರ್ಷದ ಲೆಕ್ಕ. ಅರ್ಜಿಯ ತಾರೀಖಿಗೆ ಹಿಂದಿನ ಹನ್ನೆರಡು ತಿಂಗಳು ಎಡೆಬಿಡದೆ ಭಾರತದಲ್ಲಿ ಇರಬೇಕು. ಅದಕ್ಕೂ ಹಿಂದಿನ ಎಂಟು ವರ್ಷಗಳಲ್ಲಿ ಒಟ್ಟು ಆರು ವರ್ಷವಾದರೂ ಇದ್ದಿರಬೇಕು. ಆರೂ ಒಂದೂ ಏಳು. ಎಂಟು ವರ್ಷದ ಭಾಗದಲ್ಲಿ ನಮಗೆ ಭಯವಿರಲಿಲ್ಲ. 2020ರ ಫೆಬ್ರವರಿಯಲ್ಲಿ ತವರಿಗೆ ಹೋದಾಕೆ ಮಹಾಮಾರಿಯಿಂದ ಗಡಿ ಮುಚ್ಚಿ ಅಕ್ಟೋಬರಿನವರೆಗೆ ಅಲ್ಲಿಯೇ ಉಳಿಯಬೇಕಾಗಿ ಬಂದರೂ, ಬೇರೆ ಎರಡು ಸ್ವಲ್ಪ ಕಾಲದ ಪ್ರವಾಸಗಳನ್ನು ಕಳೆದರೂ, ಏಳಕ್ಕೆ ಮೇಲೆಯೇ ಉಳಿಯಿತು. ಆದರೆ ಇದನ್ನೆಲ್ಲ ತೋರಿಸಬೇಕಾದದ್ದು ಪಾಸ್‌ಪೋರ್ಟಿನ ಮುದ್ರೆಗಳಿಂದ. 2021ರಲ್ಲಿ ಪಾಸ್‌ಪೋರ್ಟು ನವೀಕರಿಸಿದ್ದರಿಂದ ಅರ್ಧ ಮುದ್ರೆಗಳು ಹಳೆಯದರಲ್ಲಿ. ಮೂಲೆ ಕತ್ತರಿಸಿದ ಹಳೆಯ ಪುಸ್ತಕವೆಂದು ಮಗಳು ಅದಕ್ಕೆ ಬಣ್ಣದ ಚಿತ್ರಗಳನ್ನು ಅಂಟಿಸಿದ್ದಳು. ಅದೃಷ್ಟಕ್ಕೆ ಮುದ್ರೆಗಳ ಮೇಲಲ್ಲ.

ತೊಂದರೆಯಾದದ್ದು ಕೊನೆಯ ಹನ್ನೆರಡು ತಿಂಗಳಲ್ಲಿ. 2024ರ ಜೂನ್‌ನಿಂದ 2025ರ ಜೂನ್‌ವರೆಗೆ ಎಲ್ಲಿಯೂ ಹೋಗಬಾರದೆಂದು ನಾವೆಲ್ಲ ಕೂಡಿ ಹೇಳಿದ್ದೆವು, ಆಕೆ ಒಪ್ಪಿದ್ದರು. ನವೆಂಬರಿನಲ್ಲಿ ಅವರ ತಾಯಿ ತೀರಿಕೊಂಡರು. ಹೋಗಬೇಡಿರೆಂದು ಯಾವ ಬಾಯಲ್ಲಿ ಹೇಳುವುದು? ಹೋಗಿ ಹತ್ತೊಂಬತ್ತು ದಿನಕ್ಕೆ ಮರಳಿದರು. ಹನ್ನೆರಡು ತಿಂಗಳು ಮುರಿಯಿತು. ಲೆಕ್ಕ ಮತ್ತೆ ಮೊದಲಿನಿಂದ ಆರಂಭವಾದರೆ 2025ರ ಡಿಸೆಂಬರಿನವರೆಗೆ ಕಾಯಬೇಕು. ಕಾಯೋಣ, ಒಂದು ವರ್ಷ ದೊಡ್ಡದೇ ಎಂದರು. ಆ ಜನವರಿಯಲ್ಲಿ ಯಜಮಾನರಿಗೆ ಎದೆನೋವು ಬಂದು, ಬೈಪಾಸ್ ಶಸ್ತ್ರಚಿಕಿತ್ಸೆಯಾಯಿತು.

ಮೊದಲೇ ಹೇಳಿದ ಆ ಬಿಟ್ಟುಹೋದ ಪದ ನೆನಪಿದೆಯಷ್ಟೆ? ಅರ್ಜಿ ಒಳಗೆ ಹೋಗುವ ಮೊದಲು ಆಗಬಾರದ್ದು ಆದರೆ ಆಕೆಗೆ ಈ ಬಾಗಿಲು ಇಲ್ಲ. ಉಳಿಯುವುದು ದೇಶೀಕರಣದ ದಾರಿ. ಅದಕ್ಕೆ ಹನ್ನೆರಡು ತಿಂಗಳ ಸತತ ವಾಸ, ಅದರ ಹಿಂದಿನ ಹದಿನಾಲ್ಕು ವರ್ಷದಲ್ಲಿ ಹನ್ನೊಂದು ವರ್ಷ. ಆ ದಾರಿಯಲ್ಲಿ ಸಂವಿಧಾನದ ಎಂಟನೆಯ ಪರಿಚ್ಛೇದದ ಒಂದು ಭಾಷೆಯೂ ಬರಬೇಕು. ಆ ಪರೀಕ್ಷೆಯಲ್ಲಿ ಆಕೆ ಕನ್ನಡದಲ್ಲಿಯೇ ಗೆಲ್ಲುತ್ತಿದ್ದರೆಂಬುದು ಬೇರೆ ಮಾತು. ವಿಧವೆಯಾಗಿ, ಕೈಯಲ್ಲಿ ಮಗುವಿನೊಡನೆ, ಪರದೇಶಿಯ ಅನುಮತಿಪತ್ರದ ಮೇಲೆ ಇನ್ನೂ ಮೂರು ನಾಲ್ಕು ವರ್ಷ ಕಳೆಯುವ ಯೋಚನೆಯನ್ನು ಆ ಮನೆಯಲ್ಲಿ ಯಾರೂ ಬಾಯಿಬಿಟ್ಟು ಆಡಲಿಲ್ಲ. ಆಡದಿದ್ದರೂ ಎಲ್ಲರ ಮುಖದಲ್ಲಿ ಅದೇ ಇತ್ತು.

ಆಗ ನಮ್ಮ ಬಳಗದ ವಕೀಲ ಮಿತ್ರರೊಬ್ಬರು 2015ರ ತಿದ್ದುಪಡಿಯನ್ನು ತೋರಿಸಿಕೊಟ್ಟರು. ವಿಶೇಷ ಕಾರಣವಿದ್ದರೆ ಕೇಂದ್ರ ಸರ್ಕಾರ ಆ ಹನ್ನೆರಡು ತಿಂಗಳಲ್ಲಿ ಮೂವತ್ತು ದಿನಗಳವರೆಗೆ, ಬಿಡಿಬಿಡಿಯಾಗಿದ್ದರೂ ಸರಿ, ಕಾರಣವನ್ನು ಬರೆದಿಟ್ಟು ವಿನಾಯಿತಿ ಕೊಡಬಹುದು. ಹತ್ತೊಂಬತ್ತು ಮೂವತ್ತಕ್ಕೆ ಒಳಗೆ. ವಿನಾಯಿತಿ ಹಕ್ಕಲ್ಲ, ಕೊಡುವವರ ಸಮಾಧಾನಕ್ಕೆ ಬಿಟ್ಟದ್ದು. ಆದ್ದರಿಂದ ಆಧಾರ ಗಟ್ಟಿಯಾಗಿರಬೇಕು. ತಾಯಿಯ ಮರಣಪತ್ರ ಅಪಾಸ್ಟಿಲ್ ಸಮೇತ, ತಾಯಿ ಇವರೇ ಎಂಬುದಕ್ಕೆ ಆಕೆಯ ಜನನಪತ್ರ, ಹೋದ ಬಂದ ವಿಮಾನದ ಚೀಟಿ, ಮುದ್ರೆಗಳು, ಇವನ್ನೆಲ್ಲ ಜೋಡಿಸಿ ಮನವಿಯನ್ನು ಎರಡು ಪುಟಕ್ಕೆ ಮೀರದಂತೆ ಬರೆದೆವು. ಮೊದಲ ಕರಡಿನಲ್ಲಿ ವಕೀಲ ಮಿತ್ರರು ನಾಲ್ಕು ಪುಟ ಕಣ್ಣೀರು ಹಾಕಿದ್ದರು. ಅತ್ತೆಯವರೇ ಅದನ್ನು ಕೇಳಿ, “ಇಷ್ಟ್ಯಾಕ ಅಳೂದು, ತಾರೀಖು ಬರೀರಿ ಸಾಕು” ಎಂದರು. ಅಂತೆಯೇ ಬರೆದೆವು. 2025ರ ಜೂನ್ ಕೊನೆಯ ವಾರದಲ್ಲಿ ಅರ್ಜಿ ಒಳಗೆ ಹೋಯಿತು. ಯಜಮಾನರು ತಾವೇ ಬಂದು ಕಛೇರಿಯ ಬೆಂಚಿನ ಮೇಲೆ ಕುಳಿತಿದ್ದರು.

ಇದರಲ್ಲಿ ಸಭೆಯವರು ಗಮನಿಸಬೇಕಾದ ಇನ್ನೊಂದು ಅಂಶವಿದೆ. ಮದುವೆ ನೋಂದಣಿಯಾಗಿ ಎರಡು ವರ್ಷ ಕಳೆದ ಪರದೇಶದ ಪತ್ನಿಗೋ ಪತಿಗೋ ಸಾಗರೋತ್ತರ ಭಾರತೀಯರ ಕಾರ್ಡು ಸಿಗುತ್ತದೆ. ಪಾಕಿಸ್ತಾನ ಬಾಂಗ್ಲಾದೇಶದವರಿಗೆ ಮಾತ್ರ ಇಲ್ಲ. ಅದು ಪೌರತ್ವವಲ್ಲ. ಮತವಿಲ್ಲ, ಹೊಲ ಕೊಳ್ಳುವಂತಿಲ್ಲ. ಆದರೆ ಆ ಕಾರ್ಡು ಪಡೆದು ಐದು ವರ್ಷವಾಗಿ, ಹನ್ನೆರಡು ತಿಂಗಳು ಇಲ್ಲಿ ವಾಸವಿದ್ದರೆ, ಪೌರತ್ವಕ್ಕೆ ಅದೇ ಒಂದು ಬೇರೆ ದಾರಿಯಾಗುತ್ತದೆ. ನಮ್ಮ ಮನೆಯಾಕೆ ಕಾರ್ಡು ಪಡೆದಿರಲಿಲ್ಲ. ಅರ್ಧ ಪೌರತ್ವ ನನಗೇಕೆ ಎಂಬ ಸ್ವಾಭಿಮಾನ. ಸ್ವಾಭಿಮಾನವನ್ನು ಮೆಚ್ಚುತ್ತೇವೆ; ಆದರೂ ಹೊಸದಾಗಿ ಬಂದ ಸೊಸೆಯಂದಿರಿಗೂ ಅಳಿಯಂದಿರಿಗೂ ನಮ್ಮ ಸಲಹೆ, ಎರಡು ವರ್ಷ ತುಂಬಿದ ಕೂಡಲೇ ಅದನ್ನು ಪಡೆದಿಟ್ಟುಕೊಳ್ಳಿರಿ. ಕರಾರಿನ ಕೂಲಿಗಳ ವಂಶದವರಿಗೂ ಈಗ ಅದು ಸುಲಭವಾಗುತ್ತಿದೆ; ಮಾರಿಷಸ್‌ನವರಿಗೆ ಏಳನೆಯ ತಲೆಮಾರಿನವರೆಗೂ ಕೊಡುವುದಾಗಿ 2025ರ ಮಾರ್ಚಿನಲ್ಲಿ ಪ್ರಕಟಿಸಿದರು. ಮೋಕಾದಿಂದ ಬಂದ ಆ ಹಳೆಯ ಹಾಳೆಗೆ ಈಗ ಬೆಲೆ ಬಂತೆಂದು ಆಕೆಯ ಅಣ್ಣ ಬರೆದಿದ್ದಾರೆ.

ಕೊನೆಯದಾಗಿ ತವರಿನ ಪೌರತ್ವವನ್ನು ಬಿಡುವ ವಿಷಯ. ಮಾರಿಷಸ್ ಎರಡು ಪೌರತ್ವವನ್ನು ಸಹಿಸುತ್ತದೆ, ಭಾರತ ಸಹಿಸುವುದಿಲ್ಲ. ಆದ್ದರಿಂದ ಹಳೆಯದನ್ನು ಬಿಟ್ಟ ಪತ್ರವನ್ನು ಹಾಜರುಪಡಿಸಿ, ನಿಷ್ಠೆಯ ಪ್ರಮಾಣ ಮಾಡಿದ ಮೇಲೆಯೇ ಇಲ್ಲಿಯ ಪತ್ರ ಕೈಗೆ ಬರುವುದು. ಇಲ್ಲಿ ಆತುರ ಕೂಡದು. ಅರ್ಜಿ ಒಪ್ಪಿತವಾಗಿದೆ, ಬಿಟ್ಟ ಪತ್ರ ತನ್ನಿರಿ ಎಂಬ ಓಲೆ ಸರ್ಕಾರದಿಂದ ಬಂದ ಮೇಲೆಯೇ ಬಿಡಬೇಕು. ಮೊದಲೇ ಬಿಟ್ಟು ಅರ್ಜಿ ತಳ್ಳಿಹೋದರೆ, ಅಲ್ಲಿಯೂ ಇಲ್ಲ, ಇಲ್ಲಿಯೂ ಇಲ್ಲ.

ಆಕೆಯ ವಿಷಯದಲ್ಲಿ ಠಾಣೆಯಿಂದ ವಿಚಾರಣೆಗೆ ಬಂದು ಹೋದರು. ನೆರೆಯ ಬಂಗಾಳಿ ವೃದ್ಧೆ, ಕೇಳಿದ್ದಕ್ಕಿಂತ ಹೆಚ್ಚಾಗಿಯೇ ಆಕೆಯ ಗುಣಗಾನ ಮಾಡಿದರಂತೆ. ಕಡತ ಮುಂದಕ್ಕೆ ಹೋಗಿದೆ. ಯಜಮಾನರು ದಿನವೂ ಬೆಳಿಗ್ಗೆ ನದಿಯ ಕಡೆಗೆ ಎರಡು ಮೈಲಿ ನಡೆಯುತ್ತಾರೆ. ಓಲೆ ಇನ್ನೂ ಬಂದಿಲ್ಲ.

ಇಂಥ ಅರ್ಜಿಯ ಕೆಲಸವಿರುವವರು ನಮ್ಮ ವಾಚನಾಲಯಕ್ಕೆ ಭಾನುವಾರ ಬೆಳಿಗ್ಗೆ ಬರಬಹುದು. ನಾವು ಮತ್ತು ವಕೀಲ ಮಿತ್ರರು ಇರುತ್ತೇವೆ. ರಾಜ್ಯ ಪುನರ್ವಿಂಗಡಣೆಯ ಪುಟಗಳೂ ಊರ ಹೆಸರುಗಳ ಪ್ರಕಟಣೆಯೂ ಅಲ್ಲಿ ಒಂದು ಕಡತದಲ್ಲಿವೆ. ಮೂಲಪ್ರತಿಗಳನ್ನು ತರಬೇಡಿರಿ, ನಕಲು ಸಾಕು. ಹಳೆಯ ಪಾಸ್‌ಪೋರ್ಟುಗಳ ಎಲ್ಲ ಪುಟಗಳ ನಕಲನ್ನೂ, ಖಾಲಿ ಪುಟಗಳನ್ನೂ ಸೇರಿಸಿ, ತರಬೇಕು.